ಕೆಂಪು ಔಷಧ ಮತ್ತು ಹೆಂಡತಿಯ ಒಡಪು

ಕತ್ತಿನ ಕ್ಯಾನ್ಸರ್ ಗಂಟನ್ನು ನಾನು ಬರೇ ನಕ್ಕು ನಕ್ಕೇ ಕರಗಿಸಿದೆ. ಸುಳ್ಳು ಬಿಡ್ರಿ, ಕರಗಿಸಿದ್ದು ಕಿಮೋದ ಕೆಂಪು ಔಷಧ, ನಾನು ಕುರ್ಚಿಗೆ ಒರಗಿದ್ದೆ ಅಷ್ಟೇ. ಆದರೆ ನಾ ಒರಗಿದಲ್ಲೂ ಏನಾದರೊಂದು ಆಗದೇ ಇರೋದಿಲ್ಲ.

೧. ಸರಬತ್ತು

ಮೊದಲ ದಿನವೇ ನರ್ಸಬಾಯಿ ಹೇಳಿದ್ದರು: "ಕಾಕಾ, ಒಂದೆರಡು ದಿನ ಮೂತ್ರ ಕೆಂಪ ಬರ್ತೈತಿ, ಅಂಜಬ್ಯಾಡ್ರಿ. ಸಂಡಾಸಕ್ಕ ಎರಡು ಸಲ ನೀರ ಹಾಕ್ರಿ. ಸೂಜಿ ಹತ್ರ ಉರಿ ಎದ್ರ ಮಾತ್ರ ತಡಾ ಮಾಡದ ಕರೀರಿ."

ನೋಡಲು ಬಂದ ಬೇಡಗ ಊರಿನ ಮೈದುನನಿಗೆ ಆ ಬಣ್ಣವನ್ನು ಸವಿಸ್ತಾರವಾಗಿ ವರ್ಣಿಸಿದೆ. ಅಷ್ಟರಲ್ಲಿ ನನ್ನ ಹೆಂಡತಿ ಅವನ ಮುಂದೆ ಕೆಂಪನೆಯ ಕೋಕಮ್ ಸರಬತ್ತು ತಂದಿಟ್ಟಳು. ಪಾಪ, ಹಾಗೇ ಎದ್ದು ಬಸ್ ಹಿಡಿದ.

೨. ಕಟಿಂಗ್

ಕೂದಲು ಸಡಿಲಾಗಿದ್ದು ಗೊತ್ತಿದ್ದೂ ಕ್ಷೌರದಂಗಡಿಗೆ ಹೋದೆ. "ಸಣ್ಣ ಮಾಡಪಾ" ಎಂದೆ. ಅವನು ಬಾಚಣಿಗೆ ಎಳೆದ. ಅರ್ಧ ತಲೆ ಅದರ ಜೊತೆಗೇ ಹೋಯಿತು. "ದೇವರಾಣೆ, ನಾ ಇನ್ನೂ ಕತ್ರೀನ ಹಿಡದಿಲ್ಲರಿ!" ಎಂದು ಬೀದಿಗೇ ಓಡಿದ.

೩. ಹೆಸರು

ಆ ವರ್ಷ ಸಾಂಗ್ಲಿಯದೊಂದು, ಮಿರಜದೊಂದು ಆಸ್ಪತ್ರೆ ಕೂಡಿ ಒಂದಾದವು. ಕಿಮೋ ವಾರ್ಡಿನಲ್ಲಿ ಸಾಂಗ್ಲಿ ನರ್ಸ್ ಒಬ್ಬರು, ಮಿರಜದವರು ಒಬ್ಬರು. ದಿಂಬು ಇಡುವುದಕ್ಕೂ ಜಗಳ. ಒಂದರಲ್ಲಿ ಮಾತ್ರ ಒಮ್ಮತ: ಔಷಧ ತೂಗುಹಾಕುವ ಮೊದಲು ಇಬ್ಬರೂ ರೋಗಿಯ ಪೂರ್ತಿ ಹೆಸರು ಕೇಳಿ, ಚೀಲದ ಮೇಲಿನದಕ್ಕೆ ಹೊಂದಿಸಿ ನೋಡಬೇಕು.

ನಾನು ಚೇಷ್ಟೆಗೆ ಪಕ್ಕದ ಕುರ್ಚಿಯವನ ಹೆಸರು ಹೇಳಿದೆ.

"ಒಬ್ಬರದು ಒಬ್ಬರಿಗೆ ಹೋದ್ರ ಜೀವಕ್ಕ ಕುತ್ತರಿ!" ಸಾಂಗ್ಲಿಯವರು ಗುಡುಗಿದರು. "ಇನ್ನ ನಿಮ್ಮ ಮಾತ ನಡಿಯಂಗಿಲ್ಲ."

ಮಿರಜದವರು ನನ್ನ ಹೆಂಡತಿ ಕಡೆ ತಿರುಗಿದರು: "ಕಾಕು, ನೀವ ಹೇಳ್ರಿ. ಕಲಸಿದ ಔಷಧ ಭಾಳೊತ್ತು ಇಡಾಕ ಬರಂಗಿಲ್ಲ. ಹೆಸರ ಹೊಂದಲಿಲ್ಲಂದ್ರ ಇವತ್ತ ಡೋಸ್ ಇಲ್ಲ."

ನನ್ನ ನಗೆ ಆರಿತು. ಮದುವೆಯ ದಿನ ಪ್ರಾಸದೊಳಗೆ ಹೆಸರು ಸೇರಿಸಿ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ, ಗಂಡನ ಹೆಸರು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ಸೆರಗು ಹಿಡಿದು ಆ ಕೆಂಪು ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಗಟ್ಟಿ ದನಿಯಲ್ಲಿ:

"ಸಾಂಗ್ಲಿ ಅರಿಷಿಣ, ಮಿರಜ ಸಿತಾರ,
ಭರಮಗೌಡರ ತಲಿ ಗೋಳಗುಮ್ಮಟದ ಅವತಾರ!"

ಸಲೈನ್ ಹಚ್ಚಿಕೊಂಡವರೂ ಚಪ್ಪಾಳೆ ತಟ್ಟಿದರು. ಇಬ್ಬರು ನರ್ಸರು ಕೂಡಿ ನಕ್ಕಿದ್ದು ಅವತ್ತೇ ಮೊದಲು. "ಛಲೋ ಆತ್ರಿ. ಪೂರ್ತಿ ಹೆಸರಂದ್ರ ಕಾಕಾನ ಅಪ್ಪನ ಹೆಸರೂ ಬೇಕು."

"ಅಯ್ಯ, ಅದು ಮಾವನವರದು! ಅದಕ್ಕ ಒಡಪ ಇಲ್ಲರಿ!"

ನಾನು ಕೈಮುಗಿದು ಶಾಲೆ ಹುಡುಗನಂತೆ ಪೂರ್ತಿ ಹೆಸರು ಒಪ್ಪಿಸಿದೆ. ನರ್ಸರಿಬ್ಬರೂ ನನ್ನನ್ನು ನೋಡಲೇ ಇಲ್ಲ, ಅವಳನ್ನು ನೋಡಿದರು. ಅವಳು ಹೌದೆಂದು ತಲೆಯಾಡಿಸಿದ ಮೇಲೆಯೇ ಕೆಂಪು ಹನಿ ಇಳಿಯಿತು.

ಆ ಮೂವರ ಪುಣ್ಯ, ಇವತ್ತ ನಿಮ್ಮೆದುರು ಕುಂತೀನಿ. ಇಷ್ಟು ನಗಿಸಿದವನ ಚಹಾದ ರೊಕ್ಕ ನೀವ ಕೊಡೂದು ಧರ್ಮ, ಏನಂತೀರಿ?