ಎರಡನೆಯ ಪೋರ್ಟಿನ ಪಟ್ಟಾಭಿಷೇಕ

ಎಲೈ ವಿದ್ಯುತ್ತಂತುವಿಹಾರಿಣಿಯಾದ ದತ್ತಾಂಶದೇವಿಯೇ, ಬಫರಿಂಗ್ ಎಂಬ ಮಹಾಪಿಡುಗು ಭೂಮಂಡಲವನ್ನೇ ಗಿರಗಿರನೆ ಸುತ್ತಿಸುತ್ತಿದ್ದ ಈ ಕಲಿಯುಗದಲ್ಲಿ, ಗದಗ ಸೀಮೆಯ ಶೇಂಗಾ ಸಹಕಾರ ಸಂಘವೊಂದರಲ್ಲಿ ಅವತರಿಸಿದ ರೂಟರ್‌ಕುಲತಿಲಕ, ತಂತಿಜಾಲಮರ್ದನ, ಗುತ್ತಿಗೆನೌಕರಶಿರೋಮಣಿ ಚನ್ನವೀರ ಕಡಪಟ್ಟಿಯ ಪರಾಕ್ರಮವನ್ನು ನುಡಿಸು! ಹೊಗಳುಭಟರನ್ನು ಸಾಕುವಷ್ಟು ಸಂಬಳವಿಲ್ಲದ ಕಾರಣ, ಈ ಬಿರುದುಗಳನ್ನು ಕೊಟ್ಟವನೂ ಪಡೆದವನೂ ನಾನೇ.

ಕಚೇರಿಗಿದ್ದ ಇಂಟರ್ನೆಟ್ ಲೈನು ಒಂದೇ. ಅದರಲ್ಲಿ ಮೀಟಿಂಗ್ ಹಾಲಿನ ವಿಡಿಯೋಗೂ ಕ್ಯಾಂಟೀನ್ ಟಿವಿಯ ಕ್ರಿಕೆಟ್ಟಿಗೂ ಘನಘೋರ ನೂಕುನುಗ್ಗಲು. ಹಿಂದಿನ ಸಭೆಯಲ್ಲಿ ಮ್ಯಾನೇಜರ್ ಶಕುಂತಲಾ ಮೇಡಂ ಅವರ ಮುಖ, ತೆರೆದ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟಿತ್ತು. ಕೇಂದ್ರ ಕಚೇರಿಯವರು ನಕ್ಕಿದ್ದರು.

"ಇವತ್ತೂ ನನ್ನ ಮಾರಿ ಹಂಗ ನಿಂತ್ರ, ನಾಳಿಂದ ನೀವು ಬರೂದು ಬ್ಯಾಡ್ರಿ," ಎಂದರು ಮೇಡಂ.

ನಾನು ಎದೆ ಸೆಟೆಸಿ ಗರ್ಜಿಸಿದೆ: "ಮೇಡಂ, ಲೈನಿನ್ಯಾಗ ಹತ್ತಕ್ಕ ಎಂಟು ಪಾಲು ನಿಮ್ಮ ಮಾತಿಗೇ ಮೀಸಲು! ಕ್ರಿಕೆಟ್ಟು ಬಾಗಲದಾಗ ಪಾಳಿ ಹಚ್ಚಿ ನಿಲ್ಲಲಿ. ಹಂಗ ಮಾಡಲಿಲ್ಲಂದ್ರ ನಾ ಕಡಪಟ್ಟಿನೇ ಅಲ್ಲ!"

ಆಯುಧಪೂಜೆಯಲ್ಲಿ ಕ್ಯಾಂಟೀನಿನ ರಾಚವ್ವ ರೂಟರಿಗೂ ವಿಭೂತಿ ಬಳಿದು, ತಂತಿ ಚುಚ್ಚುವ ಒಂದೊಂದು ಪೋರ್ಟಿಗೂ ಭಕ್ತಿಯಿಂದ ಕುಂಕುಮ ಇಟ್ಟಿದ್ದಳು. ಪೋರ್ಟಿನ ಅಂಕಿಗಳೆಲ್ಲ ಅದರಡಿ ಮುಚ್ಚಿಹೋಗಿದ್ದವು. ಪೂಜೆಯ ಕುಂಕುಮ ಒರೆಸುವ ಧೈರ್ಯ ಈ ತಂತಿಜಾಲಮರ್ದನನಿಗೆ ಎಲ್ಲಿಯದು? ಎಡದಿಂದ ಬೆರಳಿಟ್ಟು ಎಣಿಸಿದೆ. ಮೀಟಿಂಗ್ ಹಾಲಿನ ತಂತಿ ಎರಡನೆಯದು, ಕ್ಯಾಂಟೀನ್ ಟಿವಿಯದು ಮೂರನೆಯದು. ಕೀಲಿಮಣೆಯ ಟಣತ್ಕಾರದಿಂದ ದಿಕ್ಕುಗಳನ್ನು ನಡುಗಿಸುತ್ತ, ಎರಡು ಎಂಬ ಪೋರ್ಟಿಗೆ ಮೀಸಲಿನ ಪಟ್ಟ ಕಟ್ಟಿದೆ. ಆ ಯಂತ್ರ ಒಂದರಿಂದಲ್ಲ, ಸೊನ್ನೆಯಿಂದ ಎಣಿಸುತ್ತದೆ; ಅದರ ಎರಡು ಎಂದರೆ ನನ್ನ ಬೆರಳಿನ ಮೂರು. ಅದು ನನಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೆ ಆ ಗಳಿಗೆಯಲ್ಲಿ ಶೌರ್ಯ ನೆತ್ತಿಗೇರಿತ್ತು.

ಸಭೆ ಶುರುವಾಯಿತು. ಮೇಡಂ ಬಾಯಿ ತೆರೆದರು. ಮುಖ ನಿಂತಿತು.

ಅದೇ ಹೊತ್ತಿಗೆ ಕೆಳಗಿನ ಕ್ಯಾಂಟೀನಿನಿಂದ ರಾಚವ್ವನ ಜಯಘೋಷ ಕೇಳಿಸಿತು: "ಚನ್ನಣ್ಣಾ, ಭಾರಿ ಮಾಡೀಯಪ್ಪ! ಚೆಂಡಿನ ಹೊಲಿಗಿ ಸೈತ ಕಾಣಾಕತ್ತೈತಿ!"

ಕೆಲಸ ಹೋಯಿತೆಂದು ನಿಜಕ್ಕೂ ಹೆದರಿದೆ. ಸರಿಪಡಿಸಲು ಐದು ನಿಮಿಷ ಬೇಡಿದೆ, ಮೇಡಂ ಕೊಡಲಿಲ್ಲ. ತಮ್ಮ ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲಿಳಿದು, ಟಿವಿ ಆರಿಸಿ, ಅದರ ತಂತಿಯನ್ನು ತಾವೇ ಕಿತ್ತು ಚುಚ್ಚಿಕೊಂಡು, ಮಿರ್ಚಿಯ ಘಾಟಿನ ನಡುವೆ ಕೇಂದ್ರ ಕಚೇರಿಯೊಡನೆ ಲೀಲಾಜಾಲವಾಗಿ ಮಾತು ಮುಗಿಸಿದರು. ಮುಖ ಒಮ್ಮೆಯೂ ನಿಲ್ಲಲಿಲ್ಲ. ನಾನು ಅವರ ಕುರ್ಚಿಯನ್ನು ಹೊತ್ತು ಹಿಂದೆಯೇ ಇಳಿದು ಬಂದಿದ್ದೆ.

"ಮೇಡಂ, ನಾಳೆ ನಾ ಬರ್ಲ್ಯಾ?" ಎಂದೆ, ಗರ್ಜನೆ ಬಿಟ್ಟು.

"ಬರ್ರಿ," ಎಂದರು. "ಈ ಕುರ್ಚಿ ತಿರಗಿ ಮ್ಯಾಲ ಒಯ್ಯಾವ್ರು ಯಾರು?"