ಅಪರಿಗ್ರಹ ಮತ್ತು ಏಳು ಪೆಟ್ಟಿಗೆಗಳು

ನಮ್ಮ ವಂಶದಲ್ಲಿ ಅಕ್ಷರ ಕಲಿತ ಮೊದಲಿಗ ನಾನು. ಆದ್ದರಿಂದ ಒಂದನೇ ತರಗತಿಯಿಂದ ಈಚೆಗೆ ಬರೆದ ಒಂದು ಹಾಳೆಯನ್ನೂ ಎಸೆದವನಲ್ಲ. ಎಲ್ಲವೂ ಮಂಚದ ಕೆಳಗೆ ಏಳು ರಟ್ಟಿನ ಪೆಟ್ಟಿಗೆಗಳಲ್ಲಿ ವಿರಾಜಮಾನವಾಗಿದ್ದವು. (ಹೌದು, ಇದ್ದವು.)

ಕಚೇರಿಯಲ್ಲಿ ಸಾಹೇಬರು, "ಯೋಗದ ಮೂಲ, ತತ್ತ್ವ ಇವುಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡ್ರೀ" ಎಂದಾಗ ಇಲ್ಲವೆನ್ನಲು ಧೈರ್ಯ ಬರಲಿಲ್ಲ. ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲಿತ್ತು. ಹದಿನೈದು ದಿನ ಸೊಂಟ ಬಗ್ಗಿಸಿ (ಆಸನಕ್ಕಲ್ಲ, ಬರೆಯಲು) ನಲವತ್ತು ಪುಟ ತುಂಬಿಸಿದೆ. ಭಾಷಣದ ಹಿಂದಿನ ಸಂಜೆ, ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಮುಂದೆ ಓದಲು ನಿಂತೆ.

"ಯೋಗ ಹುಟ್ಟಿದ್ದು ಕಾಡಿನಲ್ಲಿ ಕೂತ ಋಷಿಗಳಿಂದ..."

"ಕಾಡಲ್ಲೇ ಹುಟ್ಟಬೇಕು ಬಿಡಿ. ಮನೇಲಿದ್ದಿದ್ರೆ ಪಾತ್ರೆ ಒರೆಸೋಕೆ ಕರೀತಿದ್ರು. ಆಮೇಲೆ?"

"ಮೊದಲ ಮೆಟ್ಟಿಲು ಆಸನ ಅಲ್ಲ ಕಣೇ, ಯಮ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ಅಪರಿಗ್ರಹ ಅಂದ್ರೆ ಬೇಕಾದ್ದಕ್ಕಿಂತ ಹೆಚ್ಚು ಕೂಡಿಡಬಾರದು. ಉದಾಹರಣೆಗೆ, ಅಟ್ಟದ ಮೇಲಿರೋ ನಿನ್ನ ಹನ್ನೆರಡು ಖಾಲಿ ಡಬ್ಬ."

"ಓಹೋ! ಮಂಚದ ಕೆಳಗಿರೋದು? ಅಲ್ಲಿಗೆ ಪೊರಕೆ ಹೋಗಿ ಹತ್ತು ವರ್ಷ ಆಯ್ತು. ಹೇಳಿ ಹೇಳಿ ನನ್ನ ಬಾಯಿ ಸವೀತು."

ವಾದಿಸುವ ತ್ರಾಣ ಉಳಿದಿರಲಿಲ್ಲ. "ತೆಗೆದುಹಾಕು. ನನಗೆ ಯಾವುದರ ಮೋಹವೂ ಇಲ್ಲ" ಎಂದು ಕೈಯೆತ್ತಿ ಅಪ್ಪಣೆ ಕೊಟ್ಟೆ. ಮಲಗುವ ಮುನ್ನ, ಬರೆದದ್ದೆಲ್ಲ ಪೆಟ್ಟಿಗೆ ಸೇರಬೇಕೆಂಬ ಹಳೆಯ ಅಭ್ಯಾಸದಂತೆ, ಆ ನಲವತ್ತು ಪುಟಗಳನ್ನೂ ಏಳನೆಯದರಲ್ಲಿ ಭದ್ರವಾಗಿಟ್ಟೆ.

ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಮಂಚದ ಕೆಳಗೆ ಬಟಾಬಯಲು.

"ಹಳೇ ಪೇಪರಿನವನು ಬಂದಿದ್ದ, ಕೊಟ್ಬಿಟ್ಟೆ. ಹಾಗೆ ಕಣ್ಣು ಕೆಂಪು ಮಾಡ್ಬೇಡಿ. ನಿಮ್ಮ ಪಟ್ಟೀಲಿ ಮೊದಲನೇದು ಅಹಿಂಸೆ ಅಲ್ವಾ?"

ವೇದಿಕೆ ಹತ್ತಿದಾಗ ತಲೆಯಲ್ಲಿ ಒಂದಕ್ಷರವೂ ಇರಲಿಲ್ಲ. ನಾಚಿಕೆಯಿಂದ ಕಣ್ಣು ಮುಚ್ಚಿ ನಿಂತುಬಿಟ್ಟೆ. ಇದೂ ಒಂದು ಸಾಧನೆಯಿರಬೇಕೆಂದು ಸಹೋದ್ಯೋಗಿಗಳೂ ಕಣ್ಣು ಮುಚ್ಚಿದರು. ಇಪ್ಪತ್ತು ನಿಮಿಷದಲ್ಲಿ ಹಿಂದಿನ ಸಾಲಿನ ಇಬ್ಬರು ಗುಮಾಸ್ತರು ಸಮಾಧಿಯನ್ನೂ ದಾಟಿ ಗೊರಕೆಗೆ ತಲುಪಿದ್ದರು.

ಸಾಹೇಬರು ಗದ್ಗದಿತರಾಗಿ ನನ್ನ ಕೈ ಹಿಡಿದರು. "ಅದ್ಭುತ ಕಣ್ರೀ! ನೀವು ಇಷ್ಟು ಮೇಲೆ ಹೋಗಿದ್ದೀರಿ ಅಂತ ಗೊತ್ತೇ ಇರಲಿಲ್ಲ. ಬಡ್ತಿ ಗಿಡ್ತಿ ಅಂತ ನಿಮ್ಮ ಶಾಂತಿ ಕೆಡಿಸಲ್ಲ. ಅದು ಆ ಕ್ಯಾಷಿಯರ್‌ಗೆ ಹೋಗ್ಲಿ. ಪಾಪ, ಅವನಿಗಿನ್ನೂ ಆಸೆ ಇದೆ."

ಮನೆಗೆ ಬಂದು ಕುಸಿದು ಕೂತೆ. ಪೆಟ್ಟಿಗೆಗಳಿಗೆ ಬದಲಾಗಿ ಸಿಕ್ಕ ಮೂರು ಹೊಸ ಡಬ್ಬಗಳನ್ನು ಹೆಂಡತಿ ನನ್ನ ಮುಂದೆ ಸಾಲಾಗಿ ಇಟ್ಟಳು.

"ತಳಕ್ಕೆ ಹಾಸೋಕೆ ನಿಮ್ಮದೊಂದು ಹಾಳೆ ಉಳಿಸ್ಕೊಂಡೆ, ನೋಡಿ."

ಬಗ್ಗಿ ನೋಡಿದೆ. ನನ್ನದೇ ದುಂಡಗಿನ ಅಕ್ಷರ: ಬೇಕಾದ್ದಕ್ಕಿಂತ ಹೆಚ್ಚು ಕೂಡಿಡಬಾರದು.