ಪೊಲೀಸಿನವನ ಗೆಲ್ಲಿನ ಹುಚ್ಚು

ಗಿಡದ ಗೆಲ್ಲು ಕತ್ತರಿಸಿ ತಂದು, ನೆಟ್ಟು, ಹೊಸ ಗಿಡ ಮಾಡುವ ಹುಚ್ಚು ಇದ್ದವರಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಹುಚ್ಚು ಹಿಡಿದವನು ಪೊಲೀಸಿನವನಾದರೆ ಸ್ವಲ್ಪ ಹೆಚ್ಚೇ ಆಗುತ್ತದೆ. ಎಪ್ಪತ್ತರ ದಶಕದಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ ಮುಂದೆ ಹೆಡ್ ಕಾನ್‌ಸ್ಟೇಬಲ್ ಆದವನು ನಾನು. ವರ್ಗವಾದಲ್ಲಿಗೆಲ್ಲ ನನ್ನ ಟ್ರಂಕಿನ ಜೊತೆ ಹತ್ತಿಪ್ಪತ್ತು ಹೂವಿನ ಚಟ್ಟಿಗಳೂ ಬರುತ್ತಿದ್ದವು. ನನ್ನ ಹೆಂಡತಿ ಲಾರಿಯವನಿಗೆ ಹೇಳುವುದಿತ್ತು, "ಚಟ್ಟಿಗಳನ್ನು ಮೊದಲು ಇಳಿಸಿ. ಇಲ್ಲದಿದ್ದರೆ ಇವರು ನಮ್ಮನ್ನು ಇಳಿಯಲು ಬಿಡುವುದಿಲ್ಲ."

೧. ಸಮನ್ಸ್

ಕಾಪುವಿನ ಕಡೆ ಇದ್ದಾಗ ಒಂದು ಮನೆಗೆ ಸಮನ್ಸ್ ಕೊಡಲು ಸೈಕಲ್ಲಿನಲ್ಲಿ ಹೋದೆ. ಹೊಡೆದಾಟದ ಕೇಸೊಂದರಲ್ಲಿ ಆ ಮನೆಯ ಮಗ ಸಾಕ್ಷಿ. ಮಗ ಪೇಟೆಗೆ ಹೋಗಿದ್ದ. ಊರವರೆಲ್ಲ ಬಾಯಮ್ಮ ಎಂದು ಕರೆಯುತ್ತಿದ್ದ ಅವನ ತಾಯಿ ಅಂಗಳದಲ್ಲಿ ಮಲ್ಲಿಗೆ ಗಿಡ ಸವರುತ್ತಿದ್ದರು. ಸವರಿದ ಗೆಲ್ಲುಗಳ ರಾಶಿ ನೋಡಿ ನನಗೆ ಬಂದ ಕೆಲಸ ಮರೆತುಹೋಯಿತು. ಕೈಯಲ್ಲಿದ್ದ ಕಾಗದ ಜಗಲಿಯ ಮೇಲಿಟ್ಟು ಕೂತೆ.

"ಬಾಯಮ್ಮ, ಇದರಲ್ಲಿ ನಾಲ್ಕು ಗೆಲ್ಲು ನನಗೆ ಸಿಗಬಹುದಾ?"

"ನಾಲ್ಕು ಯಾಕೆ? ಹತ್ತು ಕೊಂಡುಹೋಗಿ. ಎರಡು ಕಣ್ಣು ಮಣ್ಣಿನ ಒಳಗೆ, ಎರಡು ಹೊರಗೆ. ಮೇಲಿನ ತುದಿಗೆ ಸೆಗಣಿ ಮೆತ್ತಬೇಕು. ಬಿಸಿಲಿಗೆ ಇಡಬೇಡಿ," ಎಂದು ಹೇಳುತ್ತಾ ಅವರೇ ಗೆಲ್ಲುಗಳನ್ನು ಒದ್ದೆ ಮಣ್ಣಿನ ಸಮೇತ ಕಟ್ಟಿಕೊಟ್ಟರು.

ಠಾಣೆಗೆ ಬಂದಾಗ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. "ಸಮನ್ಸ್ ಜಾರಿ ಆಯಿತಾ?"

ನಾನು ಕಿಸೆ ಮುಟ್ಟಿಕೊಂಡೆ. ಇನ್ನೊಂದು ಕಿಸೆಯನ್ನೂ ಮುಟ್ಟಿಕೊಂಡೆ. ಸಾಹೇಬರ ಕಣ್ಣು ಸೈಕಲ್ಲಿನ ಕ್ಯಾರಿಯರಿನ ಕಡೆ ಹೋಯಿತು. ಕಟ್ಟನ್ನು ಅವರೇ ಬಿಚ್ಚಿದರು. ಸುತ್ತಿದ ಕಾಗದದ ಮೇಲೆ ಕೋರ್ಟಿನ ಮೊಹರು ಕೆಸರಿನ ಎಡೆಯಿಂದ ಚೆನ್ನಾಗಿಯೇ ಕಾಣುತ್ತಿತ್ತು.

"ಜಾರಿ ಆಗಿದೆಯಲ್ಲ," ಎಂದರು ಸಾಹೇಬರು. "ಮಲ್ಲಿಗೆಗೆ."

೨. ಪ್ರಗತಿ

ಉಡುಪಿಯಲ್ಲಿದ್ದಾಗ ಹೊಸದಾಗಿ ಬಂದ ಸಾಹೇಬರೊಬ್ಬರಿಗೆ ಠಾಣೆಯ ಅಂಗಳದಲ್ಲಿ ದಾಸವಾಳದ ಬೇಲಿ ಆಗಬೇಕೆಂದು ಆಸೆಯಾಯಿತು. ನಾನು ಇಪ್ಪತ್ತು ಗೆಲ್ಲು ನೆಟ್ಟೆ. ತಿಂಗಳಾಯಿತು, ಒಂದೂ ಚಿಗುರಲಿಲ್ಲ. ಒಣಗಲೂ ಇಲ್ಲ. ಎಷ್ಟೋ ಊರಿನಲ್ಲಿ ಎಷ್ಟೋ ಗಿಡ ಮಾಡಿದ ನನಗೆ ಮುಖ ಎತ್ತಿ ನಡೆಯಲು ಆಗದ ಹಾಗಾಯಿತು.

ಒಂದು ದಿನ ಬೆಳಿಗ್ಗೆ ಬೇಗ ಬಂದು ನೋಡುತ್ತೇನೆ, ಕಡತ ಬರೆಯುವ ನಮ್ಮ ರೈಟರು ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಗೆಲ್ಲನ್ನು ಕಿತ್ತು, ಬುಡ ನೋಡಿ, ಪುನಃ ಊರುತ್ತಿದ್ದಾರೆ.

"ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ?"

"ಬೇರು ಎಲ್ಲಿವರೆಗೆ ಬಂತು ಅಂತ ಸಾಹೇಬರು ದಿನಾ ಕೇಳ್ತಾರೆ. ನೋಡದೆ ಹೇಗೆ ಹೇಳುವುದು?"

ದಿನಾ ಕೇಳಬೇಡಿ ಎಂದು ಸಾಹೇಬರಿಗೆ ಹೇಳುವ ಧೈರ್ಯ ನನಗೂ ಇಲ್ಲ, ರೈಟರಿಗೂ ಇಲ್ಲ. ಅಷ್ಟರಲ್ಲಿ ಸಾಹೇಬರು ತಂಗಿಯ ಮದುವೆಗೆಂದು ಇಪ್ಪತ್ತು ದಿನ ರಜೆ ಹಾಕಿದರು. ರೈಟರೂ ಕೈ ಕಟ್ಟಿ ಕೂತರು. ಇಪ್ಪತ್ತರಲ್ಲಿ ಹದಿನೇಳು ಗೆಲ್ಲು ಚಿಗುರಿದವು.

ಸಾಹೇಬರು ಬಂದು ಚಿಗುರು ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. "ನೋಡಿದಿರಾ? ದಿನಾ ಬೆನ್ನು ಹಿಡಿದು ಕೇಳಿದ್ದರಿಂದ ಆದದ್ದು ಇದು."

೩. ದುಬಾಯಿಯ ಹೂ

ಪರ್ಕಳದಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದ ಯುವಕ ದುಬಾಯಿಯಿಂದ ರಜೆಗೆ ಬಂದ. ಬರುವಾಗ ಕಾಗದದ ಹೂವಿನ, ಅಂದರೆ ಬೋಗನ್‌ವಿಲ್ಲಾದ, ಒಂದು ಗೆಲ್ಲನ್ನು ಒದ್ದೆ ಟವೆಲಿನಲ್ಲಿ ಸುತ್ತಿ ತಂದಿದ್ದ. ಅಲ್ಲಿ ನೆಲೆಸಿದ ನಮ್ಮ ಕಡೆಯ ನಂದಿಕೂರಿನವರೊಬ್ಬರ ಮನೆಯಂಗಳದ್ದಂತೆ. "ಮರುಭೂಮಿಯ ಜಾತಿ, ನಮ್ಮಲ್ಲಿ ಸಿಗುವುದಿಲ್ಲ," ಎಂದು ಬಹಳ ಬಿಗುಮಾನದಿಂದ ನನ್ನ ಕೈಗೆ ಕೊಟ್ಟ. ನಾನೂ ಮಗುವಿನ ಹಾಗೆ ಸಾಕಿದೆ. ಅವನು ಮುಂದಿನ ರಜೆಗೆ ಬಂದಾಗ ಹೂ ಬಿಟ್ಟಿತು. ಅವನ ತಾಯಿಯ ಬೇಲಿಯಲ್ಲಿರುವ ಅದೇ ಹೂ, ಅದೇ ಬಣ್ಣ.

ತಾಯಿ ಒಂದು ಹೂ ಕೊಯ್ದು ನೋಡಿದರು. "ಆ ನಂದಿಕೂರಿನವರ ಹೆಂಡತಿ ವಿಮಾನ ಹತ್ತುವ ಮೊದಲು ನನ್ನ ಬೇಲಿಯಿಂದಲೇ ಕೊಯ್ದುಕೊಂಡು ಹೋದದ್ದು ಮಗಾ. ಅಷ್ಟು ದೂರ ಹೋಗಿ ಬಂದರೂ ಗಿಡ ಏನೂ ಬದಲಾಗಲಿಲ್ಲ. ನಿನಗೆ ಮಾತ್ರ ಕಪ್ಪು ಕನ್ನಡಕ ಬಂತು."

೪. ಕದ್ದ ಗೆಲ್ಲು

ಹೆಡ್ ಕಾನ್‌ಸ್ಟೇಬಲ್ ಆಗಿ ಕಾರ್ಕಳಕ್ಕೆ ಬಂದ ಹೊಸತು. ದಾರಿಬದಿಯ ಮನೆಯೊಂದರಲ್ಲಿ ಹಳದಿ ಬಣ್ಣದ, ಸುತ್ತು ಸುತ್ತು ಎಸಳಿನ ದಾಸವಾಳ ಕಂಡೆ. ಅಂಥದ್ದು ನನ್ನಲ್ಲಿ ಇರಲಿಲ್ಲ. ಭಾನುವಾರ ಪಂಚೆ ಉಟ್ಟು ಹೋಗಿ ಕೇಳಿದೆ. ಮನೆಯವರು ನಿವೃತ್ತ ಟೀಚರ್, ಒಬ್ಬರೇ ಇರುವವರು.

"ಕೊಟ್ಟರೆ ಬದುಕುವುದಿಲ್ಲ," ಎಂದರು ಟೀಚರ್. "ಕದ್ದರೆ ಮಾತ್ರ ಬೇರು ಬಿಡುವ ಜಾತಿ ಅದು."

"ಟೀಚರ್, ನಾನು ಪೊಲೀಸ್."

"ಅದಕ್ಕೆಂತ? ನಾನು ಒಳಗೆ ಹೋಗ್ತೇನೆ. ನೀವು ಕದಿಯಿರಿ. ನಾನು ನೋಡಿದರೆ ಕೊಟ್ಟ ಹಾಗೆ ಆಗ್ತದೆ." ಹೋಗಿ ಬಾಗಿಲು ಹಾಕಿಕೊಂಡರು.

ನಾನು ಚೂರಿ ತೆಗೆದು ಒಂದು ಗೆಲ್ಲು ಕೊಯ್ದೆನೋ ಇಲ್ಲವೋ, ಪಕ್ಕದ ಮನೆಯವರೊಬ್ಬರು ಬೇಲಿ ದಾಟಿ ಬಂದು ನನ್ನ ಕೈ ಹಿಡಿದರು. ಗಟ್ಟಿಮುಟ್ಟಾದ ಆಳು.

"ಒಂಟಿ ಹೆಂಗಸಿನ ಮನೆಯಲ್ಲಿ ಕದಿಯಲು ನಾಚಿಕೆ ಇಲ್ಲವಾ?"

"ಟೀಚರನ್ನೇ ಕೇಳಿ!" ಎಂದೆ. ಅವರು ಕೂಗಿ ಕೇಳಿದರು. ಒಳಗಿನಿಂದ ಟೀಚರ ಸ್ವರ ಬಂತು, ತರಗತಿಯಲ್ಲಿ ಉಕ್ತಲೇಖನ ಹೇಳುವಷ್ಟು ಸ್ಪಷ್ಟವಾಗಿ: "ನಾನು ಯಾರಿಗೂ ಎಂತದೂ ಕೊಡಲಿಲ್ಲ."

"ನಾನು ಪೊಲೀಸ್ ಮಾರಾಯ್ರೆ," ಎಂದೆ.

"ಹಾಗಾದರೆ ಸ್ಟೇಷನಿಗೇ ಹೋಗುವ, ಬಾ."

ಹೋದೆವು. ಅವರು ನನ್ನ ಮಣಿಕಟ್ಟು ಬಿಡಲಿಲ್ಲ, ನಾನು ಗೆಲ್ಲು ಬಿಡಲಿಲ್ಲ. ಹಿಂದೆ ಏಳೆಂಟು ಜನ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಇಷ್ಟು ವರ್ಷದ ನೌಕರಿ, ಒಂದು ದಾಸವಾಳಕ್ಕೆ ಹೋಯಿತಲ್ಲ!

ಠಾಣೆಯಲ್ಲಿ ಒಬ್ಬ ಕಾನ್‌ಸ್ಟೇಬಲ್ ಮಾತ್ರ ಇದ್ದ. ನಮ್ಮನ್ನು ಕಂಡದ್ದೇ ತಟ್ಟನೆ ಎದ್ದು ಸೆಲ್ಯೂಟ್ ಹೊಡೆದ. ಸೆಲ್ಯೂಟ್ ತನಗೇ ಎಂದು ಪಕ್ಕದ ಮನೆಯವರು ಎದೆ ಉಬ್ಬಿಸಿದರು. ಕಾನ್‌ಸ್ಟೇಬಲ್ ನಮ್ಮಿಬ್ಬರ ಕೂಡಿದ ಕೈಗಳನ್ನು ನೋಡಿದ, ಪಕ್ಕದ ಮನೆಯವರನ್ನು ಮೇಲಿನಿಂದ ಕೆಳಗೆ ನೋಡಿದ. ಆಮೇಲೆ ಲಾಠಿ ಎತ್ತಿಕೊಂಡು ನನ್ನನ್ನು ಕೇಳಿದ:

"ರಜೆಯ ದಿನವೂ ಬಿಡುವುದಿಲ್ಲವಲ್ಲ ಸರ್ ನೀವು! ಇವನನ್ನು ಎಲ್ಲಿ ಹಿಡಿದದ್ದು?"